ಶುಕ್ರವಾರದ ಮಾತ್ರೆ

“ಎರಡೂ ಹಳದಿ,” ಎಂದಳು ಬುರುಲ್. “ಎರಡೂ ಪುಟ್ಟವು. ಯಾವುದು ಯಾವುದು ಅಂತ ನಿನಗೆ ಹೇಗೆ ಗೊತ್ತಾಗ್ತಿತ್ತು?”

ಒಲೆಯ ಮೇಲೆ ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ಅವತ್ತು ಗುರುವಾರ. ಕರಿದ ಹಿಟ್ಟಿನ ವಾಸನೆ ಸತ್ತವರಿಗೆ ಮುಟ್ಟಬೇಕು. ಮನೆಗೆ ಪೊಲೀಸರೇ ಬಂದು ಕೂತಿರಲಿ, ಬಾಣಲೆ ಇಳಿಸುವಂತಿಲ್ಲ. ಬೆಗಾಯಿಮ್ ಹಿಟ್ಟಿನ ತುಂಡುಗಳನ್ನು ಎಣ್ಣೆಗೆ ಬಿಟ್ಟು, ಕಪ್ಪು ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು.

“ದಾರ ಕಟ್ಟಿದೀನಲ್ಲ ಅಕ್ಕಾ. ಕೆಂಪು ದಾರ ಇರೋದು ಶುಕ್ರವಾರದ್ದು. ವಾರಕ್ಕೆ ಒಂದೇ ಸಲ. ದಾರ ಇಲ್ದೇ ಇರೋದು ಬರೀ ವಿಟಮಿನ್ನು, ಅದು ಮಿಕ್ಕ ದಿನಗಳಿಗೆ.”

ಕುದುರೆ ಜೀನು ಹೊಲಿಯುವ ಶಾರ್ಶೆನ್‌ನನ್ನು ಮಣ್ಣು ಮಾಡಿ ಹೆಚ್ಚು ದಿನ ಆಗಿರಲಿಲ್ಲ. ಸೊಸೆ ಬೆಗಾಯಿಮ್‌ಳೇ ವಿಷ ಹಾಕಿದಳೆಂದು ಅವನ ಮಗಳು ಕಲೀಪಾ ಕೊಟ್ಟ ದೂರು ತನಿಖಾಧಿಕಾರಿ ಬುರುಲ್‌ಳ ಕೈಗೆ ಬಂದಿತ್ತು.

ಕಿಟಕಿಯ ಕಟ್ಟೆಯ ಮೇಲೆ ಎರಡು ಬಾಟಲಿಗಳಿದ್ದವು. ಹಿಂದೆಂದೋ ಜಾಮು ತುಂಬಿದ್ದ ಗಾಜಿನ ಬಾಟಲಿಗಳು. ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಆಚೆ ಅಂಗಳದಲ್ಲಿ ಶವ ಇಟ್ಟಿದ್ದ ಗುಡಾರವನ್ನು ಇನ್ನೂ ಬಿಚ್ಚಿರಲಿಲ್ಲ. ಅದರ ಬೂದು ಉಣ್ಣೆಗಂಬಳಿಯ ಮೇಲೆ ಕಲ್ಲಿದ್ದಲಿನ ಮಸಿ ಕೂತಿತ್ತು. ಚಳಿಗಾಲ ಶುರುವಾದರೆ ಬೆಟ್ಟಗಳ ನಡುವಿನ ನಮ್ಮ ಊರು ನರಿನ್‌ನಲ್ಲಿ ಹಿಮಕ್ಕೂ ಮೊದಲು ಬೀಳುವುದು ಮಸಿ.

“ಅಂಗಡಿಯಿಂದ ತಂದ ಡಬ್ಬದಲ್ಲೇ ಯಾಕೆ ಇಡಲಿಲ್ಲ?”

“ಮಾವನ ಬೆರಳು ನೀವು ನೋಡಿಲ್ಲ ಅಕ್ಕಾ. ಎಲ್ಲಾ ಸೊಟ್ಟಗಾಗಿ ಹೋಗಿದ್ವು. ಜೀನು ಹೊಲಿಯೋ ಸೂಜಿ ಹಿಡಿಯೋಕೇ ಅಳ್ತಿದ್ರು, ಇನ್ನು ಸ್ಟ್ರಿಪ್ ಒತ್ತಿ ಮಾತ್ರೆ ತೆಗೆಯೋದು ಎಲ್ಲಿ ಬಂತು? ನಾನು ಎಲ್ಲಾದ್ರೂ ಹೋದ ದಿನ ತಾವೇ ತಗೊಳ್ಳಲಿ ಅಂತ ಬಿಡಿಸಿ ಬಾಟ್ಲಿಗೆ ಹಾಕಿಟ್ಟೆ.”

“ಡಬ್ಬ ಏನಾಯ್ತು? ಒಳಗಿನ ಕಾಗದ?”

“ಒಲೆ ಹಚ್ಚೋಕೆ ಆಯ್ತು.”

ಬುರುಲ್ ನಿಟ್ಟುಸಿರು ಬಿಟ್ಟಳು. ಅವಳ ಸ್ವಂತ ಅಡುಗೆಮನೆಯಲ್ಲೂ ಸಕ್ಕರೆ ಡಬ್ಬದ ಪಕ್ಕ ಹೆಸರಿಲ್ಲದ ಮಾತ್ರೆಗಳ ಒಂದು ಬಟ್ಟಲು ಇತ್ತು. ತಲೆನೋವಿನದ್ದು, ನೆಗಡಿಯದ್ದು, ನೆರೆಮನೆಯವಳು ‘ನನಗೆ ಒಳ್ಳೇದಾಯ್ತು, ನೀನೂ ತಗೋ’ ಎಂದು ಕೊಟ್ಟದ್ದು. ಈ ಊರಿನಲ್ಲಿ ಉಪ್ಪು ಕೊಟ್ಟಷ್ಟೇ ಸಲೀಸಾಗಿ ಮಾತ್ರೆ ಕೊಡುತ್ತಾರೆ.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರ್ ಉಮ್ಸುನಾಯ್ ಆಡಿದ ಮಾತು ಅವಳ ಕಿವಿಯಲ್ಲೇ ಇತ್ತು.

“ವಿಷ ಅಂತ ಹುಡುಕೋಕೆ ಹೋಗ್ಬೇಡ ಬುರುಲ್. ಇದು ಔಷಧಿಯದ್ದೇ ಕೆಲಸ. ಬಾಯಿ ತುಂಬ ಹುಣ್ಣು, ಮೈಮೇಲೆ ಮುಟ್ಟಿದಲ್ಲೆಲ್ಲ ನೀಲಿ ಕಲೆ, ಬಿಳಿ ರಕ್ತಕಣ ಅನ್ನೋದು ಹೆಸರಿಗೂ ಉಳಿದಿರಲಿಲ್ಲ. ಕೀಲುಬಾವಿಗೆ ಕೊಡೋ ಮಾತ್ರೆ ಒಂದಿದೆ, ವಾರಕ್ಕೆ ಒಂದೇ ಸಲ. ಹಾಗೆ ತಗೊಂಡ್ರೆ ಮನುಷ್ಯ ಮತ್ತೆ ಎದ್ದು ಓಡಾಡ್ತಾನೆ. ಅದನ್ನೇ ದಿನಾ ನುಂಗಿದ್ರೆ ಮೂಳೆಯೊಳಗೆ ರಕ್ತ ಹುಟ್ಟೋದೇ ನಿಂತು ಹೋಗುತ್ತೆ. ಶಾರ್ಶೆನ್ ದಿನಾ ನುಂಗಿದಾರೆ.”

“ತಪ್ಪಾಗಿ ನುಂಗಿರಬಹುದಾ?”

“ನುಂಗಿರಬಹುದು. ನುಂಗಿಸಿರಬಹುದು. ಅದು ನಿನ್ನ ಕೆಲಸ. ಮೊದಲ ಹುಣ್ಣು ಎದ್ದಾಗಲೇ ಮಾತ್ರೆ ನಿಲ್ಲಿಸಿ ನನ್ನ ಹತ್ರ ಬಂದಿದ್ರೆ ಉಳಿಸ್ತಿದ್ದೆ ಅನ್ಸುತ್ತೆ. ಯಾರೋ ಹುಣ್ಣಿಗೆ ಎಣ್ಣೆ ಹಚ್ಚಿಸಿದಾರೆ, ಜ್ವರಕ್ಕೆ ಪಕ್ಕದ ಮನೆ ಮಾತ್ರೆ ಕೊಟ್ಟಿದಾರೆ. ನನ್ನ ಹತ್ರ ತರೋ ಹೊತ್ತಿಗೆ ಏನೂ ಉಳಿದಿರಲಿಲ್ಲ.” ಆಮೇಲೆ ಬಾಗಿಲವರೆಗೂ ಬಂದು ಹೇಳಿದ್ದಳು: “ಗುರುತು ನೆನಪಿಟ್ಕೋ. ಆ ಮಾತ್ರೆಯ ನಡುವೆ ಒಂದು ಗೀರು ಇರುತ್ತೆ. ವಿಟಮಿನ್ನಿನದು ನುಣುಪು.”

ಬುರುಲ್ ಕೆಂಪು ದಾರದ ಬಾಟಲಿಯ ಮುಚ್ಚಳ ತೆಗೆದು, ಒಂದು ಮಾತ್ರೆಯನ್ನು ಕಾಗದದ ಮೇಲೆ ಉರುಳಿಸಿದಳು. ಕಿಟಕಿಯ ಬೆಳಕಿಗೆ ಹಿಡಿದಳು. ತಿರುವಿ ಹಾಕಿ ಮತ್ತೆ ನೋಡಿದಳು.

ನುಣುಪು.

ಎರಡನೆಯ ಬಾಟಲಿ. ದಾರವಿಲ್ಲದ್ದು, ದಿನಾ ಕೊಡುವಂಥದ್ದು. ಅದರಿಂದ ಬಿದ್ದ ಮಾತ್ರೆಯ ನಡುವೆ ಕೂದಲೆಳೆಯಂಥ ಗೀರು ಸ್ಪಷ್ಟವಾಗಿತ್ತು.

“ಬೆಗಾಯಿಮ್, ಇಲ್ಲಿ ಬಾ.”

ಅವಳು ಬಂದಳು, ನೋಡಿದಳು. ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ಮುಖದಲ್ಲಿ ಬಣ್ಣವೇ ಉಳಿಯಲಿಲ್ಲ.

“ಗೀರು ಇರೋದು ಶುಕ್ರವಾರದ್ದು,” ಎಂದಳು, ಯಾರಿಗೂ ಅಲ್ಲ ಎಂಬಂತೆ. “ಇದ್ರಲ್ಲಿ ಹೇಗೆ ಬಂತು? ಇದನ್ನ ನಾನು ದಿನಾ... ಅಕ್ಕಾ, ದಿನಾ ಬೆಳಿಗ್ಗೆ ಗಂಜಿ ಜೊತೆ ನಾನೇ ಅಂಗೈಗೆ ಹಾಕ್ತಿದ್ದೆ.”

“ನೋಡಿ ಹಾಕ್ತಿರಲಿಲ್ವಾ?”

“ದಾರ ನೋಡ್ತಿದ್ದೆ. ಮಾತ್ರೆ ನೋಡ್ಲಿಲ್ಲ.”

ಬುರುಲ್ ಅವಳನ್ನೇ ದಿಟ್ಟಿಸಿದಳು. ಬೇಕೆಂದೇ ಬದಲಾಯಿಸಿದವಳಾಗಿದ್ದರೆ ಮುದುಕ ಸತ್ತ ದಿನವೇ ಎಲ್ಲವನ್ನೂ ಮೊದಲಿನಂತೆ ಇಟ್ಟುಬಿಡುತ್ತಿದ್ದಳು. ಇಲ್ಲವೇ ಎರಡೂ ಬಾಟಲಿಗಳು ಹೊಳೆ ಸೇರುತ್ತಿದ್ದವು. ಹಾಗೆಂದು ಅವಳನ್ನು ಬಿಟ್ಟುಬಿಡುವಂತೆಯೂ ಇರಲಿಲ್ಲ. ಮಾಡಿದ್ದನ್ನು ಮತ್ತೆ ಮುಟ್ಟಲು ಹೆದರಿ ಹಾಗೇ ಕೂತ ಕೊಲೆಗಾರರನ್ನೂ ಬುರುಲ್ ಕಂಡಿದ್ದಳು.

ಬಾಗಿಲು ದಡಾರನೆ ತೆರೆಯಿತು. ಕಲೀಪಾ, ಕೈಯಲ್ಲಿ ಸೌಟು. ಅಂಗಳದ ಕೊಪ್ಪರಿಗೆಯಲ್ಲಿ ಕುರಿಮಾಂಸ ಬೇಯಿಸುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ಐವತ್ತು ದಾಟಿದ, ದೊಡ್ಡ ಮೈಕಟ್ಟಿನ ಹೆಂಗಸು. ಅತ್ತು ಅತ್ತು ಸ್ವರ ಕಟ್ಟಿಹೋಗಿತ್ತು.

“ಇನ್ನೂ ಇವಳ ಕೈಯಿಂದ ಚಹಾ ಕುಡೀತಾ ಕೂತಿದೀರಾ ಬುರುಲಕ್ಕ? ನಿಮ್ಮ ಧೈರ್ಯಾನೇ ಧೈರ್ಯ!”

“ಕೂತ್ಕೋ ಕಲೀಪಾ.”

“ಕೂರೋಕೆ ಬಂದಿಲ್ಲ. ಅಪ್ಪ ಬಿಸಿ ಚಹಾ ಬಾಯಿಗಿಟ್ರೆ ಕಿರುಚ್ತಿದ್ರು. ನಾನು ಕಣ್ಣಾರೆ ನೋಡಿದೀನಿ. ಬಾಯೆಲ್ಲ ಸುಟ್ಟು ಹೋಗಿತ್ತು. ಸುಮ್ನೆ ಸುಡುತ್ತಾ? ಇವಳು ಏನೋ ಕಲೆಸ್ತಿದ್ಲು. ಗಂಡ ದೂರದಲ್ಲಿದಾನೆ, ಮುದುಕನ ಚಾಕರಿ ಸಾಕಾಗಿತ್ತು. ಹೇಳೇ, ಸಾಕಾಗಿತ್ತು ತಾನೆ?”

“ಸಾಕಾಗಿತ್ತು,” ಎಂದಳು ಬೆಗಾಯಿಮ್, ತಲೆಯೆತ್ತದೆ. “ಯಾರಿಗೆ ಸಾಕಾಗಲ್ಲ? ಆದ್ರೂ ಮಾಡ್ತಿದ್ದೆ.”

ಅವಳ ಗಂಡ ಮೆಲಿಸ್, ಕಲೀಪಾಳ ತಮ್ಮ, ರಷ್ಯಾದ ಉತ್ತರದ ತುದಿಯಲ್ಲಿ ಅನಿಲ ಬಾವಿಯೊಂದರಲ್ಲಿ ದುಡಿಯುತ್ತಿದ್ದ. ಅಪ್ಪನ ಮಣ್ಣಿಗೂ ಬರಲಾಗಿರಲಿಲ್ಲ. ಹಿಮ ಬಿದ್ದು ವಿಮಾನ ನಿಂತಿದೆ ಎಂದಿದ್ದ. ಹಿರಿಯರು ಅವನ ಫೋನನ್ನು ಗೋರಿಯ ಬಾಯಿಯ ಮೇಲೆ ಹಿಡಿದಿದ್ದರು. ಅವನು ಅತ್ತದ್ದು ಅಲ್ಲಿ ನಿಂತಿದ್ದವರಿಗೆಲ್ಲ ಕೇಳಿಸಿತ್ತು.

“ಸೆಪ್ಟೆಂಬರ್ ಕೊನೇಲಿ ಬೆಗಾಯಿಮ್ ಅವರಮ್ಮನ ಊರಿಗೆ ಹೋಗಿದ್ಲು,” ಎಂದಳು ಬುರುಲ್. “ಅಮ್ಮ ಬಿದ್ದು ಸೊಂಟ ಮುರ್ಕೊಂಡಿದ್ರು. ಆಗ ನಿಮ್ಮಪ್ಪನ್ನ ನೋಡ್ಕೊಂಡೋರು ಯಾರು?”

“ಯಾರು ಅಂದ್ರೆ? ನಾನೇ. ನನ್ನ ಮನೆ ಬಿಟ್ಟು ಬಂದು ಇಲ್ಲೇ ಇದ್ದೆ.”

“ಮಾತ್ರೆ?”

“ನಾನೇ ಕೊಟ್ಟೆ. ಒಂದು ದಿನಾನೂ ತಪ್ಪಿಸಲಿಲ್ಲ.” ಕಲೀಪಾ ಎದೆ ಸೆಟೆಸಿದಳು. “ಮಾತ್ರೆ ಒಂದೇ ಅಲ್ಲ. ಈ ಅಡುಗೆಮನೆ ಆಗ ನೀವು ನೋಡ್ಬೇಕಿತ್ತು. ಕಪಾಟಿನ ಮೇಲೆ ಬೆರಳಿಟ್ರೆ ಅಂಟ್ಕೊಳ್ಳೋದು, ಅಂಥಾ ಜಿಡ್ಡು! ಎಲ್ಲಾ ಇಳಿಸಿ ಸೋಡಾ ಹಾಕಿ ತೊಳೆದೆ. ಒಂದು ಲೋಟ ಬಿಡಲಿಲ್ಲ.”

“ಕಿಟಕಿ ಮೇಲಿದ್ದ ಬಾಟ್ಲಿಗಳನ್ನೂ?”

“ಎಲ್ಲಾ ಅಂದ್ರೆ ಎಲ್ಲಾ.”

ಬೆಗಾಯಿಮ್ ನಿಧಾನವಾಗಿ ತಲೆಯೆತ್ತಿದಳು.

“ಒಳಗಿದ್ದ ಮಾತ್ರೆಗಳನ್ನ ಏನು ಮಾಡಿದೆ?” ಬುರುಲ್‌ಳ ದನಿ ಏರಲಿಲ್ಲ, ಇಳಿಯಲಿಲ್ಲ.

“ಎರಡು ತಟ್ಟೆಗೆ ಸುರಿದಿಟ್ಟೆ. ಬಾಟ್ಲಿ ಒಣಗಿದ್ಮೇಲೆ ವಾಪಸ್ ಹಾಕ್ದೆ. ನಾನೇನು ಚೆಲ್ಲಲಿಲ್ಲ.”

“ದಾರ?”

“ಯಾವ ದಾರ?”

“ಈ ಕೆಂಪು ದಾರ.”

“ಓ, ಅದಾ. ನೆನೆಯುತ್ತೆ ಅಂತ ಬಿಚ್ಚಿಟ್ಟಿದ್ದೆ. ಆಮೇಲೆ ಮತ್ತೆ ಕಟ್ಟಿದೆ.”

“ಯಾವುದಕ್ಕೆ ಕಟ್ಟಿದೆ ಕಲೀಪಾ?”

ಕಲೀಪಾ ಬಾಟಲಿಗಳತ್ತ ತಿರುಗಿದಳು. ಅವಳ ಕಣ್ಣು ಒಂದು ಬಾಟಲಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಬುರುಲ್‌ಳ ಮುಖಕ್ಕೆ ಹೋಗಿ ನಿಂತಿತು. ಅಂಗಳದಲ್ಲಿ ಯಾರೋ ಕಟ್ಟಿಗೆ ಒಡೆಯುತ್ತಿದ್ದರು.

“ಯಾವುದಕ್ಕೋ ಒಂದಕ್ಕೆ,” ಎಂದಳು ಕೊನೆಗೆ. “ಅದರಲ್ಲೇನಿದೆ? ದೃಷ್ಟಿ ಬೀಳದಿರಲಿ ಅಂತ ಕಟ್ಟಿರ್ತಾಳೆ ಅಂದ್ಕೊಂಡೆ. ಮಗು ಕೈಗೆ ಕಟ್ತೀವಲ್ಲ, ಹಾಗೆ.”

“ನಾನು ಫೋನ್ ಮಾಡಿ ಹೇಳಿದ್ನಲ್ಲ ಅಕ್ಕ!” ಬೆಗಾಯಿಮ್‌ಳ ದನಿ ಸೀಳಿ ಬಂತು. “ಬಸ್ಸಿಳಿದ ತಕ್ಷಣ ಹೇಳಿದ್ದೆ. ಕೆಂಪು ದಾರದ್ದು ದಿನಾ ಕೊಡಬೇಡಿ, ಅದು ಕಟುವಾದ ಔಷಧಿ, ಶುಕ್ರವಾರ ನಮಾಜಿಂದ ಬಂದ್ಮೇಲೆ ಒಂದೇ ಒಂದು ಅಂತ. ನೀವು ‘ಆಯ್ತು ಆಯ್ತು’ ಅಂದು ಇಟ್ಬಿಟ್ರಿ.”

“ನೀನು ನನಗೆ ಹೇಳೋದಾ ಅಂತ...” ಕಲೀಪಾ ಅಷ್ಟಕ್ಕೇ ನಿಲ್ಲಿಸಿದಳು. “ನಮ್ಮಪ್ಪನ್ನ ಹೇಗೆ ನೋಡ್ಕೋಬೇಕು ಅಂತ ನೀನು ನನಗೆ ಹೇಳೋದಾ ಅಂತ ಸಿಟ್ಟು ಬಂದಿತ್ತು. ಪೂರ್ತಿ ಕೇಳಿಸ್ಕೊಳ್ಳಲಿಲ್ಲ.”

ಅವಳು ಸೌಟನ್ನು ಕಟ್ಟೆಯ ಮೇಲಿಟ್ಟಳು. ಗೋಡೆಗೆ ಬೆನ್ನು ಕೊಟ್ಟು, ನೆಲದ ಮೇಲೆ ಕೂತಳು.

“ಬುರುಲಕ್ಕ, ಬಿಡಿಸಿ ಹೇಳಿ. ನಾನು ಕಟ್ಟಿದ ದಾರದಿಂದ ಅಪ್ಪ ಸತ್ರಾ?”

ಬುರುಲ್ ಅನೇಕ ಮನೆಗಳಲ್ಲಿ ಅನೇಕರಿಗೆ ಕೆಟ್ಟ ಸುದ್ದಿ ಹೇಳಿದ್ದಳು. ಹೇಳುವ ಒಂದು ರೀತಿಯೂ ಅವಳಿಗೆ ರೂಢಿಯಾಗಿತ್ತು. ಈಗ ಅದು ಕೈಕೊಟ್ಟಿತು.

“ಬಾಟ್ಲಿ ಅದಲು ಬದಲಾಗಿದೆ,” ಎಂದಳು ಅಷ್ಟೆ.

“ನಾನು ಠಾಣೆಗೆ ಹೋಗಿ ಇವಳ ಹೆಸರು ಬರೆಸಿದೆ. ಎಲ್ಲರೆದುರು ಇವಳ ಮುಖಕ್ಕೆ ಉಗಿದೆ. ಶವ ಒಳಗಿತ್ತು. ಅವತ್ತೇ ಉಗಿದೆ.” ಕಲೀಪಾ ಅಳಲಿಲ್ಲ. ಅಳು ಮೊದಲೇ ಮುಗಿದು ಹೋಗಿತ್ತು. ಒಣಗಿದ ಕಣ್ಣುಗಳಿಂದ ತನ್ನ ಅಂಗೈಗಳನ್ನು ನೋಡುತ್ತ ಕೂತಳು.

ಹಿಟ್ಟು ಸೀದ ವಾಸನೆ ಬಂತು. ಬೆಗಾಯಿಮ್ ಹೋಗಿ ಬಾಣಲೆ ಇಳಿಸಿದಳು. ಕಪ್ಪಾದ ತುಂಡುಗಳನ್ನು ಬದಿಗೆ ಸರಿಸಿದಳು. ನಾದಿನಿಯ ಹತ್ತಿರ ಹೋಗಲಿಲ್ಲ, ಸಮಾಧಾನ ಹೇಳಲಿಲ್ಲ. ಬೆನ್ನು ತಿರುಗಿಸಿಕೊಂಡೇ ಹೇಳಿದಳು:

“ಕಟ್ಟಿದ್ದು ನೀವು. ದಿನಾ ಕೊಟ್ಟಿದ್ದು ನಾನು. ಬಾಯಿ ಹುಣ್ಣಾದಾಗ ಹಲ್ಲಿನ ಸೆಟ್ಟು ಉಜ್ಜಿ ಆಗಿದೆ ಅಂದ್ಕೊಂಡೆ. ಒಂದು ಸಲ ಡಾಕ್ಟರ್‌ಗೆ ಫೋನ್ ಮಾಡಿ ಕೇಳಬಹುದಿತ್ತು. ಎಣ್ಣೆ ಹಚ್ಚುತ್ತಾ ಕೂತೆ.”

ಪ್ರಕರಣ ಅಲ್ಲಿಗೆ ಮುಗಿಯಬೇಕಿತ್ತು. ದ್ವೇಷವಿಲ್ಲ, ವಿಷವಿಲ್ಲ. ತೊಳೆದಿಟ್ಟ ಎರಡು ಬಾಟಲಿ, ಪೂರ್ತಿ ಕೇಳಿಸಿಕೊಳ್ಳದ ಒಂದು ಮಾತು, ಅಷ್ಟೇ. ಬುರುಲ್ ಬಾಟಲಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೀಲ್ ಮಾಡಲು ಎತ್ತಿಕೊಂಡಳು.

ಎತ್ತಿಕೊಂಡವಳು ತಡೆದಳು.

ದಾರವಿಲ್ಲದ ಬಾಟಲಿಯನ್ನು ಅಲುಗಿಸಿದಳು. ಮಾತ್ರೆಗಳು ಗಲಗಲ ಎಂದವು. ಬಾಟಲಿ ಮುಕ್ಕಾಲು ತುಂಬಿತ್ತು.

“ಬೆಗಾಯಿಮ್, ಶುಕ್ರವಾರದ ಮಾತ್ರೆ ಒಂದ್ಸಲಕ್ಕೆ ಎಷ್ಟು ತರ್ತಿದ್ದೆ?”

“ಒಂದೇ ಸ್ಟ್ರಿಪ್ಪು. ವಾರಕ್ಕೊಂದು ತಾನೆ, ತಿಂಗಳುಗಟ್ಟಲೆ ಬರ್ತಿತ್ತು.”

“ಅದನ್ನೇ ದಿನಾ ತಗೊಂಡ್ರೆ?”

ಬೆಗಾಯಿಮ್ ತಿರುಗಿ ನೋಡಿದಳು. ಅವಳಿಗೂ ಹೊಳೆಯಿತು.

“ಬೇಗ ಖಾಲಿ ಆಗ್ಬೇಕು.”

“ಆಗ್ಬೇಕು. ಖಾಲಿಯಾಗಿದ್ರೆ ಅಲ್ಲಿಗೇ ನಿಲ್ತಿತ್ತು. ನಿಂತಿದ್ರೆ ನಿಮ್ಮ ಮಾವ ಬದುಕ್ತಿದ್ರೋ ಏನೋ. ಆದ್ರೆ ಇಲ್ಲಿ ನೋಡು, ತುಂಬಿದೆ. ಎಲ್ಲಾ ಗೀರು ಇರೋವೇ. ಇದನ್ನ ತುಂಬಿಸ್ದೋರು ಯಾರು? ನೀನಾ?”

“ಇಲ್ಲ ಅಕ್ಕಾ. ಅಮ್ಮನ ಊರಿಂದ ಬಂದಾಗ ತಳದಲ್ಲಿ ನಾಲ್ಕೈದು ಇದ್ದವು. ವಿಟಮಿನ್ನು ಮುಗೀತಾ ಬಂತು ಮಾವ, ಪೇಟೆಗೆ ಹೋದಾಗ ತರ್ತೀನಿ ಅಂದೆ. ‘ನೀನು ತರೋದು ಬೇಡ, ನಾನು ತರಿಸ್ತೀನಿ’ ಅಂದ್ರು. ಸಂಜೆ ಹಸು ಕಟ್ಟಿ ಒಳಗೆ ಬಂದ್ರೆ ಬಾಟ್ಲಿ ತುಂಬಿತ್ತು. ಯಾರು ತಂದ್ರು ಅಂದ್ರೆ ‘ಆಕಾಶದಿಂದ ಬಿತ್ತು’ ಅಂತ ನಕ್ಕರು. ಅವರು ನಕ್ಕು ಬಹಳ ದಿನ ಆಗಿತ್ತು ಅಂತ ನಾನೂ ಮುಂದೆ ಕೇಳಲಿಲ್ಲ.”

ಬುರುಲ್ ಕಲೀಪಾಳತ್ತ ತಿರುಗಿದಳು.

“ನಾನಲ್ಲ,” ಎಂದಳು ಕಲೀಪಾ, ನೆಲದಿಂದಲೇ. “ದೇವರಾಣೆ, ಇವಳು ವಾಪಸ್ ಬಂದ್ಮೇಲೆ ನಾನು ಈ ಮನೆಗೆ ಕಾಲಿಟ್ಟಿದ್ದೇ ಅಪ್ಪನಿಗೆ ಜ್ವರ ಬಂದಾಗ.”

ಮುದುಕ ಯಾರನ್ನೋ ಮುಚ್ಚಿಟ್ಟಿದ್ದ. ಸೊಸೆಗೂ ಹೇಳದೆ, ಮಗಳಿಗೂ ಹೇಳದೆ, ನಗುತ್ತ ಮುಚ್ಚಿಟ್ಟಿದ್ದ.

*

ಆ ಮಾತ್ರೆ ಊರಿನ ಎಲ್ಲ ಔಷಧಿ ಅಂಗಡಿಗಳಲ್ಲಿ ಸಿಗುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಳು. ಸಂತೆಪೇಟೆಯ ತಿರುವಿನಲ್ಲಿ, ಬ್ರೆಡ್ಡಿನ ಅಂಗಡಿಗೆ ಅಂಟಿಕೊಂಡ ಗುಲ್ಸೂನಳ ಅಂಗಡಿಯಲ್ಲಿ ಸಿಗುತ್ತದೆ. ಬುರುಲ್ ಅಲ್ಲಿಗೆ ಬಂದಾಗ ಬಿಸಿಲು ಗುಡ್ಡದ ಆಚೆ ಹೋಗಿತ್ತು. ಹೊಳೆಯ ಕಡೆಯಿಂದ ಚಳಿ ಗಾಳಿ ನುಗ್ಗುತ್ತಿತ್ತು.

ಒಬ್ಬ ಹೆಂಗಸು ಮಗುವಿನ ಕೆಮ್ಮಿಗೆ ಔಷಧಿ ಕೇಳುತ್ತಿದ್ದಳು. ಗುಲ್ಸೂನ್ ಬಾಟಲಿಯ ಜೊತೆಗೆ ಅಳತೆಯ ಮುಚ್ಚಳ ಕೊಟ್ಟು, “ಅಡುಗೆ ಚಮಚದಲ್ಲಿ ಅಳೀಬೇಡಮ್ಮ, ಇದರಲ್ಲೇ,” ಎಂದಳು. ಅವಳು ಹೋಗುವವರೆಗೂ ಬುರುಲ್ ಕಾದಳು. ಆಮೇಲೆ ಗೀರಿನ ಮಾತ್ರೆಯೊಂದನ್ನು ಗಾಜಿನ ಕಟ್ಟೆಯ ಮೇಲಿಟ್ಟಳು.

ಗುಲ್ಸೂನ್ ಅದನ್ನು ನೋಡಿದ ಕೂಡಲೇ ಕನ್ನಡಕ ತೆಗೆದು ಒರೆಸತೊಡಗಿದಳು.

“ಶಾರ್ಶೆನ್ ತಾತನದ್ದಾ?”

“ನಿನಗೆ ಹೇಗೆ ಗೊತ್ತು?”

“ಬಾಯಿ ಹುಣ್ಣಾಗಿ ಸತ್ತರು ಅಂತ ಜನ ಮಾತಾಡಿದಾಗಿಂದ ನನಗೆ ಊಟ ಸೇರ್ತಿಲ್ಲ ಬುರುಲಕ್ಕ. ಠಾಣೆಗೆ ಬರಬೇಕಿತ್ತು. ಅಂಗಡಿಗೆ ಬೀಗ ಹಾಕಿಸ್ತಾರೇನೋ ಅಂತ ಹೆದರಿದೆ.”

“ಯಾರಿಗೋ ಕೊಟ್ಟಿದೀಯ.”

“ಕೊಟ್ಟೆ. ಇಂಥದ್ದೇ ಒಂದು ಮಾತ್ರೆ ಕಾಗದದಲ್ಲಿ ಸುತ್ಕೊಂಡು ಬಂದು, ಇದು ಇನ್ನಷ್ಟು ಬೇಕು ಅಂದ. ಅಪ್ಪ ದಿನಾ ತಗೋತಾರೆ ಅಂದ. ನಾನು ಬೆಚ್ಚಿಬಿದ್ದೆ. ದಿನಾ ಅಲ್ಲಪ್ಪ, ವಾರಕ್ಕೊಂದು, ದಿನಾ ಕೊಟ್ರೆ ಪ್ರಾಣ ಹೋಗುತ್ತೆ, ಮೊದಲು ಡಾಕ್ಟರ್ ಹತ್ರ ಕರ್ಕೊಂಡು ಹೋಗು ಅಂತ ಬಾಯಿ ಬಡ್ಕೊಂಡೆ. ಡಬ್ಬದ ಮೇಲೆ ಕೆಂಪು ಪೆನ್ನಲ್ಲಿ ಬರೆದೂ ಕೊಟ್ಟೆ. ಅವನು ನನ್ನೇ ನೋಡ್ತಾ ನಿಂತಿದ್ದ. ಆಮೇಲೆ ‘ಗೊತ್ತಾಯ್ತು’ ಅಂದ. ಅದೆಂಥಾ ದನಿ ಅಂತೀರಿ!”

“ಡಾಕ್ಟರ ಚೀಟಿ ಕೇಳಲಿಲ್ವಾ?”

“ಈ ಊರಲ್ಲಿ ಚೀಟಿ ಕೇಳಿದ್ರೆ ನಗ್ತಾರೆ ಅಕ್ಕ. ಕೇಳಬೇಕಿತ್ತು. ಕೇಳಲಿಲ್ಲ.”

“ಯಾರವನು?”

ಗುಲ್ಸೂನ್ ಆಶ್ಚರ್ಯದಿಂದ ನೋಡಿದಳು, ಇದನ್ನೂ ಕೇಳಬೇಕೇ ಎಂಬಂತೆ.

“ಅವರ ಮಗ. ಮೆಲಿಸ್.”

ಬುರುಲ್‌ಗೆ ಗೋರಿಯ ಮೇಲೆ ಹಿಡಿದ ಆ ಫೋನು ನೆನಪಾಯಿತು.

“ಮೆಲಿಸ್ ರಷ್ಯಾದಲ್ಲಿದಾನೆ ಗುಲ್ಸೂನ್. ಅಪ್ಪನ ಮಣ್ಣಿಗೇ ಬರಲಿಲ್ಲ.”

“ಹಾಗಂತ ಯಾರು ಹೇಳಿದ್ರು? ಶಾಲೇಲಿ ಒಂದೇ ಬೆಂಚಲ್ಲಿ ಕೂತು ಓದಿದೀವಿ. ಕುದುರೆ ಆಟದಲ್ಲಿ ಬಿದ್ದು ಹುಬ್ಬು ಸೀಳಿದಾಗ ಹತ್ತಿ ಒತ್ತಿ ಹಿಡಿದೋಳು ನಾನು. ನನಗೆ ಅವನ ಗುರುತು ಸಿಗಲ್ವಾ? ನಾನು ಮಣ್ಣಿಗೆ ಹೋಗೋಕೆ ಆಗಲಿಲ್ಲ. ಅವನು ಅಲ್ಲೇ ಇದ್ದ ಅಂದ್ಕೊಂಡಿದ್ದೆ.” ಅವಳು ಗಾಜಿನ ಮೇಲಿದ್ದ ಹಳದಿ ಮಾತ್ರೆಯನ್ನು ಬೆರಳ ತುದಿಯಿಂದ ದೂರ ತಳ್ಳಿದಳು. “ನಿನ್ನೆಯೂ ಬಂದಿದ್ದ.”

“ನಿನ್ನೆ?”

“ಅದೇ ಮಾತ್ರೆ ಕೇಳ್ದ. ಕೊಡಲ್ಲ ಅಂದೆ. ಅಪ್ಪನೇ ಹೋದ್ರಲ್ಲೋ, ಇನ್ನು ಯಾರಿಗೆ ಇದು ಅಂತ ಗದರಿದೆ. ಈ ಸಲ ಚೀಟಿ ತಂದಿದ್ದ ಅಕ್ಕ. ಸೀಲು, ಸಹಿ, ಎಲ್ಲಾ ಸರಿಯಾಗಿತ್ತು. ಕೊಡದೆ ವಿಧಿ ಇರಲಿಲ್ಲ.”

“ಯಾರಿಗೆ ಅಂತ ಹೇಳ್ದ?”

ಗುಲ್ಸೂನ್ ಕನ್ನಡಕವನ್ನು ಮತ್ತೆ ಹಾಕಿಕೊಂಡಳು.

“ಹೆಂಡತಿಗೆ ಅಂದ.”